ಶಾಲೆಯ ವಸ್ತುಪ್ರದರ್ಶನಕ್ಕೆ ಏಕಾರ್ನ್‌ಸಾಫ್ಟ್ ಗೇಮ್‌ಗಳು: ಯಾವ ನಾಲ್ಕು ಆರಿಸಲಿ?

ಹುಮನಾಬಾದ್‌ಲ್ಯಾಬ್ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಹುಮನಾಬಾದ್ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಬರುವ ತಿಂಗಳು ನಮ್ಮಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇದೆ. ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕಟ್ಟಿಕೊಂಡು ಹಳೇ ಕಂಪ್ಯೂಟರಿನ ಸ್ಟಾಲ್ ಹಾಕಬೇಕು ಅಂತಿದ್ದೇನೆ. ನಿಜವಾದ ಮಷಿನ್ ಎಲ್ಲೂ ಸಿಗಲಿಲ್ಲ. ಲ್ಯಾಬಿನ ಎರಡು ಲ್ಯಾಪ್‌ಟಾಪ್ ಇವೆ, ಅವುಗಳ ಬ್ರೌಸರಿನಲ್ಲಿ ಜೆಎಸ್‌ಬೀಬ್ ಎಮ್ಯುಲೇಟರ್ ಓಡಿಸುತ್ತೇವೆ. ಅದು ಹಳೇ ಬಿಬಿಸಿ ಮೈಕ್ರೋ ಕಂಪ್ಯೂಟರಿನ ಥರಾನೇ ನಡೆದುಕೊಳ್ಳುತ್ತದೆ.

ಬಿಬಿಸಿ ಮೈಕ್ರೋನೇ ಯಾಕೆ ಅಂದ್ರೆ, 1984ರಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಸರ್ಕಾರದ 'ಕ್ಲಾಸ್' ಯೋಜನೆ ಶುರುವಾದಾಗ ನಮ್ಮ ದೇಶದ ಶಾಲೆಗಳಿಗೆ ಬಂದಿದ್ದು ಅದೇ. ಆ ಮಷಿನ್ ಮಾಡಿದ ಕೇಂಬ್ರಿಡ್ಜಿನ ಏಕಾರ್ನ್ ಕಂಪನಿಯದೇ ಸಾಫ್ಟ್‌ವೇರ್ ಮಾರುವ ಇನ್ನೊಂದು ಕೈ ಏಕಾರ್ನ್‌ಸಾಫ್ಟ್. ಅವರ ಗೇಮ್ ಪಟ್ಟಿ ನೋಡಿದೆ. ಸ್ನ್ಯಾಪರ್, ಪ್ಲಾನೆಟಾಯ್ಡ್, ಮಾನ್‌ಸ್ಟರ್ಸ್, ಮೀಟಿಯರ್ಸ್, ಹಾಪರ್, ರಾಕೆಟ್ ರೇಡ್, ಏವಿಯೇಟರ್, ರೆವ್ಸ್, ಎಲೀಟ್... ಮುಗಿಯೋದೇ ಇಲ್ಲ.

ಒಂದು ಮಗು ಸ್ಟಾಲ್ ಮುಂದೆ ಐದು ನಿಮಿಷ ನಿಂತರೆ ಜಾಸ್ತಿ. ಅಷ್ಟರಲ್ಲಿ '32 ಕೆಬಿ ಮೆಮೊರಿಯಲ್ಲಿ ಇಷ್ಟೆಲ್ಲಾ ಮಾಡಿದ್ರಾ!' ಅನ್ನಿಸಬೇಕು. ಯಾವ ನಾಲ್ಕು ಆರಿಸಲಿ? ಮಕ್ಕಳೆಲ್ಲ ಕನ್ನಡ ಮಾಧ್ಯಮದವರು, ಅದನ್ನೂ ಗಮನದಲ್ಲಿಟ್ಟು ಹೇಳಿ.

ಶಹಾಪುರದ_ಕೋಡರ್:

ಸರ್, ಎಲೀಟ್ ಇಲ್ಲದೆ ಸ್ಟಾಲ್ ಹಾಕಲೇಬೇಡಿ. ನಾನು ಶಹಾಪುರದವನು, ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಕೋಡ್ ಬರೆಯುವವರಿಗೆ ಆ ಗೇಮ್ ಅಂದ್ರೆ ಬೇರೇನೇ ಗೌರವ.

ಬಾಹ್ಯಾಕಾಶದಲ್ಲಿ ಹಡಗು ಓಡಿಸುತ್ತಾ ಗ್ರಹದಿಂದ ಗ್ರಹಕ್ಕೆ ವ್ಯಾಪಾರ ಮಾಡುವ ಆಟ ಅದು, ಬಂದಿದ್ದು 1984ರ ಸೆಪ್ಟೆಂಬರಿನಲ್ಲಿ. ಬರೆದವರು ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್, ಇಬ್ಬರೂ ಆಗ ಕೇಂಬ್ರಿಡ್ಜಿನಲ್ಲಿ ಓದುತ್ತಿದ್ದ ಹುಡುಗರು. ಮೊದಲು ಥಾರ್ನ್ ಇಎಂಐ ಕಂಪನಿಗೆ ತೋರಿಸಿದರು. ಮೂರು ಲೈಫ್ ಇಲ್ಲ, ಬೇಗ ಮುಗಿಯೋದಿಲ್ಲ, ಬೇಡ ಅಂದರು ಅವರು. ಏಕಾರ್ನ್‌ಸಾಫ್ಟ್ ಒಪ್ಪಿಕೊಂಡಿತು.

ಮಕ್ಕಳಿಗೆ ಎರಡು ವಿಷಯ ಹೇಳಿ ಸಾಕು. ಮೊದಲನೆಯದು ಗ್ರಹಗಳ ಲೆಕ್ಕ. 8 ಗ್ಯಾಲಕ್ಸಿ, ಒಂದೊಂದರಲ್ಲಿ 256 ಗ್ರಹ, ಒಟ್ಟು 2,048. ಈ ಪಟ್ಟಿಯನ್ನು ಮೆಮೊರಿಯಲ್ಲಿ ಬರೆದಿಟ್ಟಿಲ್ಲ. 16 ಬಿಟ್ಟಿನ ಮೂರು ಸಂಖ್ಯೆ ಇಟ್ಟುಕೊಂಡು ಕೂಡಿಸುತ್ತಾ ಹೋಗುತ್ತಾರೆ, ಫಿಬೊನಾಚಿ ಸರಣಿಯಲ್ಲಿ ಹಿಂದಿನ ಎರಡನ್ನು ಕೂಡಿಸುತ್ತೇವಲ್ಲ, ಇಲ್ಲಿ ಮೂರು. ಗ್ರಹದ ಹೆಸರು, ನಕಾಶೆಯಲ್ಲಿ ಅದರ ಜಾಗ, ಅಲ್ಲಿ ಬೇಸಾಯವೋ ಕಾರ್ಖಾನೆಯೋ, ಎಲ್ಲಾ ಆ ಸಂಖ್ಯೆಗಳಿಂದಲೇ ಹುಟ್ಟುತ್ತದೆ. ಎಷ್ಟು ಸಲ ಲೆಕ್ಕ ಮಾಡಿದರೂ ಉತ್ತರ ಒಂದೇ. ಹಾಗಾಗಿ ಎಲ್ಲರ ಮಷಿನ್ನಿನಲ್ಲೂ ಆಟ ಶುರುವಾಗುವ ಲೇವ್ ಗ್ರಹ ಅಲ್ಲೇ ಇರುತ್ತದೆ.

ಎರಡನೆಯದು ಪರದೆ. ಮೋಡ್ ಅಂದ್ರೆ ಪರದೆಯಲ್ಲಿ ಎಷ್ಟು ಬಣ್ಣ, ಎಷ್ಟು ಸಣ್ಣ ಚುಕ್ಕೆ ಅನ್ನೋ ವ್ಯವಸ್ಥೆ. ಮೇಲೆ ಬಾಹ್ಯಾಕಾಶ ಕಾಣುವ ಭಾಗ ಮೋಡ್ 4, ಎರಡೇ ಬಣ್ಣ, ಗೆರೆ ತುಂಬಾ ಸಣ್ಣ. ಕೆಳಗಿನ ಡ್ಯಾಶ್‌ಬೋರ್ಡ್ ಮೋಡ್ 5, ನಾಲ್ಕು ಬಣ್ಣ. ಬಿಬಿಸಿ ಮೈಕ್ರೋದಲ್ಲಿ ಒಂದು ಹೊತ್ತಿಗೆ ಒಂದೇ ಮೋಡ್ ಅಲ್ವಾ? ಟಿವಿ ಮೇಲಿಂದ ಕೆಳಗೆ ಗೆರೆ ಎಳೆಯುತ್ತಾ ಡ್ಯಾಶ್‌ಬೋರ್ಡ್ ಹತ್ತಿರ ಬಂದ ಕ್ಷಣಕ್ಕೆ ಸರಿಯಾಗಿ ಟೈಮರ್ ಇಟ್ಟು ಮೋಡ್ ಬದಲಿಸುತ್ತಾರೆ. ಸೆಕೆಂಡಿಗೆ 50 ಸಲ. ಮಾರ್ಕ್ ಮಾಕ್ಸನ್ ಅನ್ನೋರು ಇದರ ಅಸೆಂಬ್ಲಿ ಕೋಡಿಗೆ ವಿವರಣೆ ಬರೆದು ನೆಟ್ಟಿನಲ್ಲಿ ಇಟ್ಟಿದ್ದಾರೆ. ಅದರ ಒಂದು ಪುಟ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ.

ಬ್ರಹ್ಮಪುರದ_ಮಾಸ್ತರ್:

ಹುಮನಾಬಾದ್ ಸರ್, ಬಹಳ ಖುಷಿಯಾಯಿತು. ನಾನು ಕಲಬುರಗಿಯಲ್ಲಿ ಗಣಿತದ ಮಾಸ್ತರನಾಗಿದ್ದು ರಿಟೈರ್ ಆದವನು. ಊರಿಗೆ ಇನ್ನೂ ಗುಲ್ಬರ್ಗಾ ಅನ್ನುತ್ತಿದ್ದ ಕಾಲದಲ್ಲಿ ನಮ್ಮ ಶಾಲೆಗೆ ಕ್ಲಾಸ್ ಯೋಜನೆಯ ಬಿಬಿಸಿ ಮೈಕ್ರೋ ಬಂದಿತ್ತು. ಚಪ್ಪಲಿ ಹೊರಗೆ, ಕಿಟಕಿಗೆ ಪರದೆ, ಪಕ್ಕದಲ್ಲಿ ಗುಂಯ್ ಅನ್ನುವ ಸ್ಟೆಬಿಲೈಸರ್. ಸ್ವಿಚ್ ಹಾಕಿದರೆ ಮೊದಲು ಒಂದು ದಪ್ಪ ದನಿ, ಹಿಂದೆಯೇ ಒಂದು ಸಣ್ಣ ಬೀಪ್. ಆ ಎರಡನೇ ಬೀಪ್ ಕೇಳಿದರೆ ಮಷಿನ್ ಸರಿಯಾಗಿದೆ ಅಂತ ಅರ್ಥ.

ಶಹಾಪುರದ ತಮ್ಮಾ, ನೀನು ಹೇಳಿದ್ದೆಲ್ಲ ಸರಿ. ಆದರೆ ಐದು ನಿಮಿಷದಲ್ಲಿ ಎಲೀಟ್ ಮಗುವಿನ ಕೈಗೆ ಹತ್ತುವುದಿಲ್ಲ. ಸ್ಟೇಷನ್ ಬಿಟ್ಟು ಹೊರಬಂದ ಮೇಲೆ ಏನು ಮಾಡಬೇಕು ಅಂತ ತಿಳಿಯುವಷ್ಟರಲ್ಲಿ ಹಿಂದೆ ಸಾಲು ನಿಂತಿರುತ್ತದೆ. ಎಲೀಟ್ ಇರಲಿ, ಆದರೆ ಅದನ್ನು ಸರ್ ಅವರೇ ಆಡಿ ತೋರಿಸಬೇಕು. ಎಲ್ಲಕ್ಕಿಂತ ಕೊನೆಗೆ.

ನನ್ನ ವಿಚಾರ ಇಷ್ಟು. ಏಕಾರ್ನ್‌ಸಾಫ್ಟ್ ಪಟ್ಟಿಯಿಂದ ಒಳ್ಳೆಯ ನಾಲ್ಕು ಗೇಮ್ ಎತ್ತಿಕೊಂಡರೆ ಸಾಲದು. ಬಂದ ಕ್ರಮದಲ್ಲಿ ಇಡಿ. ಆಗ ಮಕ್ಕಳಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಈ ಜನ ಮೊದಲು ಬೇರೆಯವರ ಆಟ ನೋಡಿ ನಕಲು ಮಾಡಿದರು, ಆಮೇಲೆ ಮೂರು ವರ್ಷದೊಳಗೆ ಯಾರೂ ನೋಡಿರದ ಆಟ ಮಾಡಿದರು. ನಮ್ಮ ಮಕ್ಕಳೂ ಪುಸ್ತಕದ ಪ್ರೋಗ್ರಾಂ ನೋಡಿ ಟೈಪ್ ಮಾಡುತ್ತಲೇ ಶುರು ಮಾಡುತ್ತಾರಲ್ಲ, ಅವರಿಗೆ ಇದು ಗೊತ್ತಾಗಬೇಕು.

ಮೊದಲು ಸ್ನ್ಯಾಪರ್, 1982. ಪ್ಯಾಕ್‌ಮ್ಯಾನ್ ನೋಡಿದ ಮಗುವಿಗೆ ಏನೂ ಹೇಳಿಕೊಡಬೇಕಾಗಿಲ್ಲ. ಜೊನಾಥನ್ ಗ್ರಿಫಿತ್ಸ್ ಬರೆದ ಮೊದಲ ಆವೃತ್ತಿ ಪಕ್ಕಾ ಪ್ಯಾಕ್‌ಮ್ಯಾನೇ. ಅಷ್ಟು ಹತ್ತಿರದ ನಕಲಿನಿಂದ ಕಾನೂನಿನ ತೊಂದರೆ ಅಂತ ಆಮೇಲೆ ಬದಲಿಸಿದರು. ಹೊಸ ಆವೃತ್ತಿಯಲ್ಲಿ ನಾಯಕನಿಗೆ ಟೋಪಿ, ಕಾಲು ಬಂದವು. ಸಾಧ್ಯವಾದರೆ ಎರಡೂ ಆವೃತ್ತಿ ಅಕ್ಕಪಕ್ಕ ಇಡಿ, ಮಕ್ಕಳು ತಾವೇ ಕಂಡುಹಿಡಿಯಲಿ.

ಎರಡನೆಯದು ಪ್ಲಾನೆಟಾಯ್ಡ್. ಬರೆದವರು ನೀಲ್ ರೇನ್. ಇದೂ ಮೊದಲು ಡಿಫೆಂಡರ್ ಅನ್ನುವ ಹೆಸರಿನಲ್ಲೇ ಬಂದಿತ್ತು, ಆರ್ಕೇಡಿನ, ಅಂದರೆ ನಾಣ್ಯ ಹಾಕಿ ಆಡುವ ಮಷಿನ್ನಿನ, ಡಿಫೆಂಡರ್ ನೋಡಿಯೇ ಮಾಡಿದ್ದು. ಆದರೆ ನಕಲು ಅಂತ ತಳ್ಳಿಹಾಕಬೇಡಿ. ಎಡಕ್ಕೂ ಬಲಕ್ಕೂ ನೆಲ ಎಷ್ಟು ನಯವಾಗಿ ಓಡುತ್ತದೆ ನೋಡಿ. 2 ಮೆಗಾಹರ್ಟ್ಸ್‌ನ 6502 ಚಿಪ್ಪಿನಿಂದ ಅಷ್ಟು ವೇಗ ತೆಗೆಯಬೇಕಾದರೆ ಆ ಹಾರ್ಡ್‌ವೇರನ್ನು ಅರೆದು ಕುಡಿದಿರಬೇಕು.

ಮೂರನೆಯದು ಸ್ಟಾರ್‌ಶಿಪ್ ಕಮಾಂಡ್, 1983, ಪೀಟರ್ ಇರ್ವಿನ್ ಅವರದು. ಇದರ ಹೆಸರು ಯಾರೂ ಹೇಳುವುದಿಲ್ಲ, ನನಗಂತೂ ಬಹಳ ಇಷ್ಟ. ನಮ್ಮ ಹಡಗು ಪರದೆಯ ನಡುವೆ ಅಲ್ಲಾಡದೆ ನಿಂತಿರುತ್ತದೆ, ಮೂತಿ ಯಾವಾಗಲೂ ಮೇಲಕ್ಕೆ. ನಾವು ತಿರುಗಿಸಿದರೆ ಹಡಗು ತಿರುಗುವುದಿಲ್ಲ, ಇಡೀ ಆಕಾಶ, ನಕ್ಷತ್ರ, ಶತ್ರು, ಗುಂಡು ಎಲ್ಲಾ ಹಡಗಿನ ಸುತ್ತ ತಿರುಗುತ್ತವೆ. ಬಸ್ಸಿನಲ್ಲಿ ಕೂತಾಗ ಹೊರಗಿನ ಗಿಡ ಓಡುವುದು ಮಗುವಿಗೆ ಗೊತ್ತೇ ಇದೆ, ತಟ್ಟನೆ ಹಿಡಿದುಕೊಳ್ಳುತ್ತದೆ. ಹಡಗು ಹಾಳಾಗುವ ಹೊತ್ತಿಗೆ ಸಣ್ಣ ಕ್ಯಾಪ್ಸೂಲಿನಲ್ಲಿ ಪಾರಾಗಬಹುದು. ಆಗ ಮೇಲಧಿಕಾರಿಗಳು ನಿಮ್ಮ ಕೆಲಸ ನೋಡಿ ಇನ್ನೊಂದು ಹಡಗು ಕೊಡಬೇಕೋ, ಮನೆಗೆ ಕಳಿಸಬೇಕೋ ತೀರ್ಮಾನ ಮಾಡುತ್ತಾರೆ. ಈ ಆಟ ಅವರದೇ ತಲೆಯಿಂದ ಬಂದದ್ದು. ಇದೇ ಇರ್ವಿನ್ ಮುಂದೆ ಜೆರೆಮಿ ಸ್ಮಿತ್ ಜೊತೆ ಎಕ್ಸೈಲ್ ಅನ್ನುವ ಆಟ ಮಾಡಿದರು.

ಕೊನೆಗೆ ಎಲೀಟ್. ಗ್ರಹಗಳ ಲೆಕ್ಕದ ಜೊತೆ ವ್ಯಾಪಾರವನ್ನೂ ತೋರಿಸಿ. ಕೈಯಲ್ಲಿ 100 ಕ್ರೆಡಿಟ್ಟು, ಹಡಗಿನಲ್ಲಿ 20 ಟನ್ ಜಾಗ. ಲೇವ್ ಬೇಸಾಯದ ಗ್ರಹ, ಅಲ್ಲಿ ಆಹಾರ ಅಗ್ಗ. ಪಕ್ಕದ ಲೀಸ್ಟಿ ಕಾರ್ಖಾನೆಗಳ ಗ್ರಹ, ಅಲ್ಲಿ ಅದೇ ಆಹಾರಕ್ಕೆ ಒಳ್ಳೆ ರೇಟು. ತೊಗರಿ ಮಾರುಕಟ್ಟೆ ನೋಡಿ ಬೆಳೆದ ನಮ್ಮ ಕಡೆ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು, ಕ್ಯಾಸೆಟ್ ಬಗ್ಗೆ. ನಮ್ಮ ಮಕ್ಕಳಿಗೆ ಹೆಕ್ಸಾಡೆಸಿಮಲ್, ಅಂದರೆ ಹತ್ತರ ಬದಲು ಹದಿನಾರರ ಎಣಿಕೆ, ಕಲಿಸಿದ್ದೇ ಕ್ಯಾಸೆಟ್ಟು. ಪ್ರೋಗ್ರಾಂ ಲೋಡ್ ಆಗುವಾಗ ಪರದೆ ಮೇಲೆ ಹೆಸರಿನ ಪಕ್ಕ ಬ್ಲಾಕ್ ನಂಬರ್ ಏರುತ್ತಾ ಹೋಗುತ್ತದೆ. 07, 08, 09 ಆದ ಮೇಲೆ 10 ಬರುವುದಿಲ್ಲ, 0 ಪಕ್ಕ ಎ ಅಕ್ಷರ ಬರುತ್ತದೆ, ಆಮೇಲೆ ಬಿ. 'ಸರ್, ಮಷಿನ್ ಕೆಟ್ಟಿತು' ಅಂತ ಒಬ್ಬ ಹುಡುಗಿ ಕೂಗಿದಳು. ಅವತ್ತಿನ ಪಾಠ ಅಲ್ಲಿಂದಲೇ ಶುರುವಾಯಿತು. ನಡುವೆ ಒಂದು ಬ್ಲಾಕ್ ಸರಿಯಾಗಿ ಓದದಿದ್ದರೆ ಟೇಪ್ ಹಿಂದಕ್ಕೆ ಸುತ್ತು ಅಂತ ಮಷಿನ್ನೇ ಹೇಳುತ್ತದೆ, ಸ್ವಲ್ಪ ಸುತ್ತಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಕರೆಂಟ್ ಹೋದರೆ ಮಾತ್ರ ಮೊದಲಿನಿಂದ. ಹಾಗಾಗಿ ಸಾಧ್ಯವಾದರೆ ಒಂದು ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಬಿಟ್ಟು ಕ್ಯಾಸೆಟ್ ಫೈಲಿನಿಂದಲೇ ಲೋಡ್ ಮಾಡಿ ತೋರಿಸಿ. 1200 ಬಾಡ್, ಅಂದರೆ ಸೆಕೆಂಡಿಗೆ 1200 ಬಿಟ್, ಎಷ್ಟು ನಿಧಾನ ಅಂತ ಕಾಯ್ದರೇ ತಿಳಿಯುವುದು.

ಗೇಮ್ ಪಟ್ಟಿಯ ಜೊತೆಗೆ ಅವರ ಉಳಿದ ಪಟ್ಟಿಯನ್ನೂ ಚಾರ್ಟ್ ಮೇಲೆ ಬರೆಸಿ. ಫೋರ್ತ್, ಲಿಸ್ಪ್, ಲೋಗೋ, ಬಿಸಿಪಿಎಲ್ ಭಾಷೆಗಳು, ವ್ಯೂ ಅನ್ನುವ ವರ್ಡ್ ಪ್ರೊಸೆಸರ್, ಎಲ್ಲಾ ಅದೇ ಏಕಾರ್ನ್‌ಸಾಫ್ಟ್ ಮಾರುತ್ತಿತ್ತು. ಗೇಮ್ ಕೊಳ್ಳಲು ಪಟ್ಟಿ ತೆರೆದ ಹುಡುಗನ ಕಣ್ಣಿಗೆ ಲಿಸ್ಪ್ ಬೀಳುತ್ತಿತ್ತು. ಆ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಮಂಗಲಪೇಟ್_ಅಕ್ಕ:

ಮಾಸ್ತರೇ, ಬೀದರಿನಿಂದ ನಮಸ್ಕಾರ. ನಿಮ್ಮ ಕ್ರಮ ಒಪ್ಪಿದೆ. ಆದರೆ ಒಂದು ಬಿಟ್ಟುಹೋಗಿದೆ, ಪದಗಳ ಆಟ. ಚಿತ್ರ ಇಲ್ಲ, ಬರೀ ಬರಹ, ನಾವು ಒಂದೆರಡು ಪದ ಟೈಪ್ ಮಾಡಿದರೆ ಕಥೆ ಮುಂದೆ ಹೋಗುತ್ತದೆ. ಪೀಟರ್ ಕಿಲ್‌ವರ್ತ್ ಬರೆದ ಫಿಲಾಸಫರ್ಸ್ ಕ್ವೆಸ್ಟ್, ಜೊನಾಥನ್ ಪಾರ್ಟಿಂಗ್ಟನ್ ಬರೆದ ಕಿಂಗ್‌ಡಮ್ ಆಫ್ ಹ್ಯಾಮಿಲ್. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಫೀನಿಕ್ಸ್ ಅನ್ನುವ ದೊಡ್ಡ ಐಬಿಎಂ ಕಂಪ್ಯೂಟರಿನಲ್ಲಿ (ಮೇನ್‌ಫ್ರೇಮ್) ಅಲ್ಲಿನ ಗಣಿತದವರು ಇಂಥ ಆಟ ಕಟ್ಟುತ್ತಿದ್ದರು. ಅವನ್ನೇ ಹಿಂಡಿ ಮನೆ ಕಂಪ್ಯೂಟರಿಗೆ ಇಳಿಸಿದ್ದು.

ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಇಂಗ್ಲಿಷ್ ಕಷ್ಟ, ನಿಜ. ಹಾಗಂತ ಬಿಡಬೇಡಿ. ಮಕ್ಕಳೇ ಒಂದು ಬರೆಯಲಿ. ನಾನು ಟ್ಯೂಷನ್ ಮಕ್ಕಳ ಕೈಯಲ್ಲಿ ಆ ಮಷಿನ್ನಿನ ಬಿಬಿಸಿ ಬೇಸಿಕ್ ಭಾಷೆಯಲ್ಲಿ ಬೀದರ್ ಕೋಟೆಯ ಆಟ ಬರೆಸಿದ್ದೇನೆ. ಗುಂಬದ್ ದರ್ವಾಜಾದಿಂದ ಒಳಗೆ ಬರುವುದು, ರಂಗೀನ್ ಮಹಲ್, ಸೋಲಾ ಖಂಬ್ ಮಸೀದಿ, ಒಂದೊಂದು ಜಾಗಕ್ಕೂ ಒಂದು ನಂಬರ್. ಮಷಿನ್ನಿಗೆ ಕನ್ನಡ ಲಿಪಿ ಬರುವುದಿಲ್ಲ, ಅದಕ್ಕೆ ಮುಂದೆ, ಹಿಂದೆ, ಬಲಕ್ಕೆ, ಎತ್ತಿಕೋ ಅನ್ನುವುದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಸೋಫಿ ವಿಲ್ಸನ್ ಬರೆದ ಆ ಬೇಸಿಕ್‌ನಲ್ಲಿ ನಾವೇ ಹೆಸರಿಟ್ಟ ಪ್ರೊಸೀಜರ್, ಅಂದರೆ ಹೆಸರು ಹೇಳಿ ಕರೆಯುವ ಸಣ್ಣ ಪ್ರೋಗ್ರಾಂ ತುಣುಕು, ಮಾಡಬಹುದು. 'ಬಾಗಿಲು' ಅಂತ ಒಂದು ಪ್ರೊಸೀಜರ್ ಬರೆದ ಹುಡುಗ ಅದನ್ನು ಮನೆಯವರಿಗೆಲ್ಲ ಕರೆದು ತೋರಿಸಿದ.

ಹಾಗೇ ರೆಪ್ಟನ್ 3 ನೋಡಿ. ಅದು ಲೀಡ್ಸ್‌ನ ಸುಪೀರಿಯರ್ ಸಾಫ್ಟ್‌ವೇರ್‌ನದು. 1986ರಲ್ಲಿ ಏಕಾರ್ನ್‌ಸಾಫ್ಟ್ ಹೆಸರೂ ಇವರ ಕೈಗೇ ಬಂತು, ಹಾಗಾಗಿ ಹೊರಗಿನದು ಅಂತ ತಕರಾರು ಬೇಡ. ಮೊದಲ ರೆಪ್ಟನ್ ಬರೆದ ಟಿಮ್ ಟೈಲರ್‌ಗೆ ಆಗ 16 ವಯಸ್ಸು. ನಿಮ್ಮ ಮಕ್ಕಳಿಗಿಂತ ಎರಡು ಕ್ಲಾಸ್ ಮುಂದೆ ಅಷ್ಟೇ! ಮೂರನೆಯದರಲ್ಲಿ ಹಂತಗಳನ್ನು ನಾವೇ ಬಿಡಿಸುವ ಎಡಿಟರ್ ಇದೆ. ಬಂಡೆ ಎಲ್ಲಿಟ್ಟರೆ ವಜ್ರ ಎತ್ತುವವನ ತಲೆ ಮೇಲೆ ಬೀಳುತ್ತದೆ ಅಂತ ಮಕ್ಕಳು ತುಂಬಾ ಹೊತ್ತು ಜಗಳ ಆಡುತ್ತಾ ಕೂರುತ್ತಾರೆ.

ಹುಮನಾಬಾದ್‌ಲ್ಯಾಬ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಸ್ತರ್ ಹೇಳಿದ ನಾಲ್ಕನ್ನೇ ಅದೇ ಕ್ರಮದಲ್ಲಿ ಇಡುತ್ತೇನೆ. ಅಕ್ಕಾ, ಕೋಟೆಯ ಆಟವನ್ನು ಒಂಬತ್ತನೇ ಕ್ಲಾಸಿನವರ ಕೈಯಲ್ಲಿ ಬರೆಸುತ್ತೇನೆ, ನಿಮ್ಮ ಮಕ್ಕಳು ಬರೆದದ್ದು ಇದ್ದರೆ ಕಳಿಸಿ. ಮಾಸ್ತರೇ, ಎರಡು ಅನುಮಾನ. ಸ್ನ್ಯಾಪರಿನಲ್ಲಿ ಬಾಣದ ಕೀ ಒತ್ತಿದರೆ ಏನೂ ಆಗುತ್ತಿಲ್ಲ. ಇನ್ನೊಂದು, ನಮ್ಮಲ್ಲಿ ನೆಟ್ ನಂಬುವ ಹಾಗಿಲ್ಲ. ಏನು ಮಾಡಲಿ?

ಬ್ರಹ್ಮಪುರದ_ಮಾಸ್ತರ್:

ಆ ಕಾಲದ ಹೆಚ್ಚಿನ ಆಟಗಳು ಬಾಣದ ಕೀ ಬಳಸುವುದಿಲ್ಲ ಸರ್. ಸ್ನ್ಯಾಪರಿಗೆ ಝಡ್ ಎಡಕ್ಕೆ, ಎಕ್ಸ್ ಬಲಕ್ಕೆ, ಕೋಲನ್ ಮೇಲಕ್ಕೆ, ಓರೆಗೆರೆಯ ಕೀ ಕೆಳಕ್ಕೆ. ಬಿಬಿಸಿಯಲ್ಲಿ ಕೋಲನ್‌ಗೆ ಬೇರೆಯೇ ಕೀ ಇತ್ತು, ಲ್ಯಾಪ್‌ಟಾಪಿನಲ್ಲಿ ಅದು ಸೆಮಿಕೋಲನ್ ಪಕ್ಕದ ಕೀಗೆ ಬರುತ್ತದೆ. ಪ್ಲಾನೆಟಾಯ್ಡ್‌ಗೆ ಎ ಮೇಲಕ್ಕೆ, ಝಡ್ ಕೆಳಕ್ಕೆ. ಎಲೀಟಿನಲ್ಲಿ ಎಸ್ ಮತ್ತು ಎಕ್ಸ್ ಒತ್ತಿದರೆ ಮೂತಿ ಮೇಲೆ ಕೆಳಗೆ ಆಗುತ್ತದೆ, ಕಾಮಾ ಮತ್ತು ಫುಲ್‌ಸ್ಟಾಪ್ ಕೀ ಒತ್ತಿದರೆ ಹಡಗು ಹೊರಳುತ್ತದೆ, ಎ ಒತ್ತಿದರೆ ಲೇಸರ್. ಇವನ್ನು ರಟ್ಟಿನ ಮೇಲೆ ದಪ್ಪಗೆ ಕನ್ನಡದಲ್ಲಿ ಬರೆದು ಲ್ಯಾಪ್‌ಟಾಪಿನ ಹಿಂದೆ ನಿಲ್ಲಿಸಿ. ಡಿಸ್ಕಿನಿಂದ ಶುರು ಮಾಡಲು ಶಿಫ್ಟ್ ಹಿಡಿದು ಎಫ್12 ಒತ್ತಬೇಕು, ಅದೇ ಹಳೇ ಬ್ರೇಕ್ ಕೀ.

ನೆಟ್ಟಿನ ಚಿಂತೆ ಇದ್ದರೆ ವಿಂಡೋಸ್ ಮೇಲೆ ಬೀಬ್‌ಎಮ್ ಅನ್ನುವ ಎಮ್ಯುಲೇಟರ್ ಹಾಕಿಕೊಳ್ಳಿ, ಅದಕ್ಕೆ ನೆಟ್ ಬೇಕಾಗಿಲ್ಲ. ಲ್ಯಾಪ್‌ಟಾಪಿನ ಸೌಂಡ್ ಬಂದ್ ಮಾಡಬೇಡಿ. ಎಲೀಟಿನಲ್ಲಿ ಸ್ಟೇಷನ್ನಿಗೆ ವಾಪಸ್ ಸೇರುವುದನ್ನು ಈಗಿನಿಂದಲೇ ಅಭ್ಯಾಸ ಮಾಡಿ. ಗ್ರಹದ ಕಡೆಯಿಂದ ನೇರ ಬನ್ನಿ, ತಿರುಗುವ ಸ್ಟೇಷನ್ನಿನ ಬಾಗಿಲಿನ ಸೀಳು ಅಡ್ಡಲಾಗಿ ಕಂಡಾಗ ಹಡಗನ್ನೂ ಅದೇ ವೇಗಕ್ಕೆ ಹೊರಳಿಸಿ, ವೇಗ ಇಳಿಸಿ ಒಳಗೆ ನುಗ್ಗಿ. ಪ್ರದರ್ಶನದ ದಿನ ಯಾವುದು ಅಂತ ತಿಳಿಸಿ, ಬೆಳಗಿನ ಬಸ್ಸಿಗೆ ನಾನೂ ಬರುತ್ತೇನೆ.