ಗೋಕರ್ಣದ ವಿಯೆಟ್ನಾಂ ಹೋಟೆಲಿಗೆ ಆಯಿಯನ್ನು ಕರೆದುಕೊಂಡು ಹೋಗಬಹುದಾ?

ಶಿರಸಿ_ತಮ್ಮ:

ಗೋಕರ್ಣದಲ್ಲಿ ಕುಡ್ಲೆ ಬೀಚಿಗೆ ಇಳಿಯುವ ದಾರಿಯಲ್ಲಿ ಒಂದು ಸಣ್ಣ ವಿಯೆಟ್ನಾಂ ಹೋಟೆಲ್ ಇದೆ. ಹೆಸರು ಹೇಳುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ನಾಲ್ಕೇ ಮೇಜು, ಸೋಗೆ ಮಾಡು, ಸೀಮೆಸುಣ್ಣದಲ್ಲಿ ಬರೆದ ಮೆನು. ಮಳೆಗಾಲದಲ್ಲಿ ಮುಚ್ಚಿದ್ದು ಈಗಷ್ಟೇ ಮತ್ತೆ ತೆಗೆದಿದ್ದಾರೆ. ಹೋದ ಭಾನುವಾರ ನಾವು ಮೂರು ಜನ ಹೊಟ್ಟೆ ತುಂಬ ತಿಂದು, ಕಾಫಿ ಕುಡಿದು ಎದ್ದಾಗ ಬಿಲ್ಲು 640 ರೂಪಾಯಿ. ಬೀಚಿನ ಮೇಲೆ ಅಷ್ಟಕ್ಕೆ ಒಂದು ಪಿಜ್ಜಾ, ಎರಡು ಸೋಡಾ ಬಂದರೆ ಪುಣ್ಯ.

ನಾನು ಪಕ್ಕಾ ವೆಜ್ ಅಂತ ಹೇಳಿಯೇ ಆರ್ಡರ್ ಕೊಟ್ಟಿದ್ದೆ. ಅಕ್ಕಿಯ ಹಾಳೆಯಲ್ಲಿ ಸೊಪ್ಪು, ಸೌತೆಕಾಯಿ, ಶಾವಿಗೆ, ತೋಫು ಸುತ್ತಿದ ರೋಲ್ ಬಂತು. ಎಣ್ಣೆಯಲ್ಲಿ ಕರಿದದ್ದಲ್ಲ, ಹಸಿಯದು. ಹಾಳೆ ಎಷ್ಟು ತೆಳು ಅಂದರೆ ಒಳಗಿನ ಪುದೀನ ಎಲೆಯ ನರ ಹೊರಗಿನಿಂದ ಕಾಣುತ್ತಿತ್ತು. ಜೊತೆಗೆ ಬಟ್ಟಲಲ್ಲಿ ಹುಳಿ, ಸಿಹಿ, ಖಾರ ಮೂರೂ ಇರುವ ತಿಳಿನೀರು. ಎರಡು ರೋಲ್ ಅದರಲ್ಲಿ ಅದ್ದಿ ತಿಂದ ಮೇಲೆ, ಇದೇನು ಇಷ್ಟು ರುಚಿ ಅಂತ ಕೇಳಿದೆ. ‘ಫಿಶ್ ಸಾಸ್ ಸರ್’ ಅಂದ ಹುಡುಗ, ಉಪ್ಪು ಅಂದಷ್ಟೇ ಸಲೀಸಾಗಿ.

ನನ್ನದು ಬಿಡಿ, ಹೋದದ್ದು ಹೋಯಿತು. ಆದರೆ ಮುಂದಿನ ತಿಂಗಳು ಆಯಿ, ಅಪ್ಪಯ್ಯ ಗೋಕರ್ಣಕ್ಕೆ ಬರುತ್ತಾರೆ. ಆ ಹಾಳೆ ನೋಡಿದಾಗ ನನಗೆ ಆಯಿ ಬೋರಲು ಗಡಿಗೆಯ ಮೇಲೆ ಹಿಟ್ಟು ಎಳೆದು ಮಾಡುವ ಕಾಗದದಂಥ ಸಿಹಿ, ತೊಡೆದೇವು ನೆನಪಾಗಿತ್ತು, ಅವಳಿಗೆ ಒಮ್ಮೆ ತಿನ್ನಿಸಬೇಕು ಅಂತ ಆಸೆ. ಅವರು ನನಗೆ ಮಾಡಿದ್ದು ಮೋಸವಾ, ಅಥವಾ ಆ ದೇಶದ ಅಡಿಗೆಯೇ ಹಾಗಾ? ಮೀನಿಲ್ಲದೆ ಬೇಕಾದರೆ ಏನಂತ ಕೇಳಬೇಕು? ಇನ್ನೊಂದು ತಲೆಬಿಸಿ ಅಪ್ಪಯ್ಯನದು. ಅವನಿಗೆ ವಿಯೆಟ್ನಾಂ ಹೆಸರು ಕೇಳಿದರೇ ಆಗುವುದಿಲ್ಲ. ಕಾಳುಮೆಣಸು ಬೆಳೆಯುವವರಿಗೆ ಕಾರಣ ಹೇಳಬೇಕಾಗಿಲ್ಲ, ಅಲ್ವಾ.

ಕಾರವಾರ_ಖಲಾಸಿ:

ಮೋಸ ಅಲ್ಲ ಮಾರಾಯ. ನಾನು ಸರಕು ಹಡಗಿನಲ್ಲಿದ್ದಾಗ ಹಾಯ್‌ಫಾಂಗ್, ಹೋ ಚಿ ಮಿನ್ ಸಿಟಿ ಎರಡೂ ಬಂದರಿಗೆ ಹೋಗಿದ್ದೆ. ಅಲ್ಲಿ ಫುಟ್‌ಪಾತಿನ ಮೇಲೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲ್ ಹಾಕಿರುತ್ತಾರೆ, ನನ್ನಂಥ ದಪ್ಪದವನು ಕೂತರೆ ಏಳಿಸಲು ಇನ್ನೊಬ್ಬ ಬೇಕು. ಊಟ ಅಲ್ಲೇ, ಅಗ್ಗವೂ ಅದೇ, ರುಚಿಯೂ ಅದೇ.

ಫಿಶ್ ಸಾಸಿಗೆ ಅವರು ನುಕ್ ಮಾಮ್ ಅನ್ನುತ್ತಾರೆ. ತಾರ್ಲೆಗಿಂತ ಸಣ್ಣ ಜಾತಿಯ ಮೀನು ಮತ್ತು ಉಪ್ಪು, ಎರಡೇ ಸಾಮಾನು. ದೊಡ್ಡ ಮರದ ಪೀಪಾಯಿಗಳಲ್ಲಿ ತುಂಬಿ ಒಂದು ವರ್ಷದಷ್ಟು ಕಾಲ ಬಿಡುತ್ತಾರೆ, ಕೆಳಗಿನಿಂದ ಜೇನಿನ ಬಣ್ಣದ ರಸ ಇಳಿಯುತ್ತದೆ. ಫೂ ಕ್ವಾಕ್ ದ್ವೀಪದ್ದಕ್ಕೆ ಭಾರೀ ಹೆಸರು. ಸಾಣಿಕಟ್ಟೆಯಲ್ಲಿ ಉಪ್ಪಿದೆ, ಕಾರವಾರದಲ್ಲಿ ಮೀನಿದೆ, ನಮಗೆ ಯಾಕೆ ಇದು ಹೊಳೆಯಲಿಲ್ಲವೋ. ನೀನು ಅದ್ದಿಕೊಂಡದ್ದು ಅದಕ್ಕೆ ನೀರು, ಲಿಂಬೆ, ಸಕ್ಕರೆ, ಬೆಳ್ಳುಳ್ಳಿ, ಮೆಣಸಿನಕಾಯಿ ಸೇರಿಸಿದ್ದು. ಒಗ್ಗರಣೆಗೆ ಇಂಗು ಹಾಕಿದ್ದನ್ನು ನಾವು ಯಾರಿಗಾದರೂ ಹೇಳುತ್ತೇವಾ? ಅವರಿಗೆ ಇದೂ ಹಾಗೆ, ಮೀನು ಅಂತ ಲೆಕ್ಕಕ್ಕೇ ಇಲ್ಲ.

ಆದರೆ ಪೂರ್ತಿ ಸಸ್ಯಾಹಾರದ ಅಡಿಗೆ ಅವರಲ್ಲೂ ಇದೆ, ಅದಕ್ಕೆ ‘ಚಾಯ್’ ಅನ್ನುತ್ತಾರೆ. ಬೌದ್ಧರು ಬಹಳ ಜನ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮೀನು ಮಾಂಸ ಮುಟ್ಟುವುದಿಲ್ಲ, ನಿಮ್ಮ ಏಕಾದಶಿ ಇದ್ದ ಹಾಗೆ. ಕಟ್ಟುನಿಟ್ಟಾಗಿ ಮಾಡುವವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ, ಆಯಿಗೆ ಹೇಳು, ಖುಷಿಯಾಗುತ್ತಾರೆ. ನುಕ್ ಮಾಮ್ ಬದಲು ಸೋಯಾ ಸಾಸ್, ಸಾರಿಗೆ ಅಣಬೆ, ಮೂಲಂಗಿ. ಆದರೆ ಗೋಕರ್ಣದ ಆ ಹುಡುಗನ ಹತ್ತಿರ ಚಾಯ್ ಬೇಕು ಅಂದೀಯ, ಮೂರು ಕಪ್ ಚಹಾ ತಂದಿಡುತ್ತಾನೆ. ಸೀದಾ ಅಡಿಗೆಮನೆ ಕಿಟಕಿಗೆ ಹೋಗಿ ಮಾಡುವವರನ್ನೇ ಕೇಳು.

ಅಂಕೋಲೆ_ಅಕ್ಕ:

ರೋಲ್ ಸರಿ, ಸೂಪಿನ ವಿಷಯದಲ್ಲಿ ಹುಷಾರು ತಮಾ. ಫೋ ಅಂದರೆ ಅವರ ಅಕ್ಕಿ ಶಾವಿಗೆ ಹಾಕಿದ ಸೂಪು. ‘ವೆಜ್ ಫೋ’ ಅಂತ ಬರೆದು ಮೇಲೆ ಮಾತ್ರ ತರಕಾರಿ ಹಾಕಿ, ಕೆಳಗೆ ಅದೇ ಮೂಳೆ ಸಾರು ಸುರಿಯುವವರಿದ್ದಾರೆ. ಬೇರೆ ಊರಿನಲ್ಲಿ ನನ್ನ ಕಣ್ಣೆದುರೇ ಆಗಿದೆ. ಮೂಲದಲ್ಲಿ ಅದು ದನದ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿದ ಸಾರು, ಕೋಳಿಯದಾದರೆ ಫೋ ಗಾ. ಚಕ್ಕೆ, ಲವಂಗ, ಚಕ್ರಮೊಗ್ಗು, ಕೆಂಡದಲ್ಲಿ ಸುಟ್ಟ ಶುಂಠಿ ಈರುಳ್ಳಿ. ನಮ್ಮ ಮನೆಯ ಮಸಾಲೆ ಡಬ್ಬವೇ. ಆದರೆ ಅರೆಯುವುದಿಲ್ಲ, ಇಡಿಯಾಗಿ ಹಾಕಿ ಸೋಸಿಬಿಡುತ್ತಾರೆ, ಹಾಗಾಗಿ ಸಾರು ತಿಳಿಯಾಗಿರುತ್ತದೆ.

ಮೊದಲ ಸಲ ತಿಂದಾಗ ಪಕ್ಕದಲ್ಲಿ ಒಂದು ತಟ್ಟೆ ಹಸಿ ಸೊಪ್ಪು, ಮೊಳಕೆಕಾಳು, ಲಿಂಬೆ ಇಟ್ಟು ಹೋದರು. ನಾನು ಅಲಂಕಾರ ಅಂದುಕೊಂಡು ಮುಟ್ಟಲೇ ಇಲ್ಲ, ವಾಪಸ್ ಒಯ್ಯುವಾಗ ಪಕ್ಕದ ಮೇಜಿನವರು ನಕ್ಕರು. ಅದನ್ನು ಕೈಯಲ್ಲಿ ಹರಿದು ಹಾಕಿಕೊಳ್ಳಬೇಕು. ಲಿಂಬೆ ಹಿಂಡುವ ಮೊದಲು ಒಂದು ಚಮಚ ಸಾರು ಹಾಗೇ ಕುಡಿದು ನೋಡಬೇಕು, ಇಲ್ಲದಿದ್ದರೆ ಮಾಡಿದವರ ಕೈ ಹೇಗೆ ಅಂತ ಗೊತ್ತೇ ಆಗುವುದಿಲ್ಲ. ಉತ್ತರದ ಹನೋಯ್ ಕಡೆ ಇಷ್ಟು ಸೊಪ್ಪು ಕೊಡುವುದಿಲ್ಲವಂತೆ. 1954ರಲ್ಲಿ ದೇಶ ಎರಡಾದಾಗ ಉತ್ತರದಿಂದ ಲಕ್ಷಾಂತರ ಜನ ದಕ್ಷಿಣಕ್ಕೆ ಬಂದರು, ಅವರ ಜೊತೆ ಫೋ ಕೂಡ ಬಂತು, ದಕ್ಷಿಣದವರು ಸೊಪ್ಪಿನ ತಟ್ಟೆ ಸೇರಿಸಿದರು.

ಸಾರು ಮಾತ್ರ ಕುದಿಯುತ್ತಲೇ ಮೇಜಿಗೆ ಬರಬೇಕು. ಉಗುರು ಬೆಚ್ಚಗೆ ಇದ್ದರೆ ವಾಪಸ್ ಕಳಿಸಿ, ದಾಕ್ಷಿಣ್ಯ ಬೇಡ.

ಮುಂಡಗೋಡ_ಬಸ್‌ಸ್ಟ್ಯಾಂಡ್:

ಇಷ್ಟೆಲ್ಲ ಯಾಕೆ, ಮುಂಡಗೋಡ ಟಿಬೆಟನ್ ಕ್ಯಾಂಪಿಗೆ ಬಂದು ಅವರ ಶಾವಿಗೆ ಸೂಪು ತುಕ್ಪಾ ಕುಡಿಯಿರಿ, ವೆಜ್ ಅಂದರೆ ವೆಜ್.

ಅಂಕೋಲೆ_ಅಕ್ಕ:

ತುಕ್ಪಾ ಗೋಧಿಯದ್ದು, ಇದು ಅಕ್ಕಿಯದ್ದು. ಚಪಾತಿ ಇದೆಯಲ್ಲ, ನೀರುದೋಸೆ ಯಾಕೆ ಅಂದ ಹಾಗಾಯಿತು.

ತೋಟದ_ಕೆಲಸ:

ನಿಮ್ಮ ಅಪ್ಪಯ್ಯನ ಪಕ್ಷ ನನ್ನದು. ಕಾಳುಮೆಣಸಿನಲ್ಲಿ ಜಗತ್ತಿಗೇ ನಂಬರ್ ಒನ್ ಅವರು, ಅಲ್ಲಿಂದ ಅಗ್ಗದ ಮಾಲು ಬಂದು ಇಲ್ಲಿ ನಮ್ಮ ರೇಟು ಕೂತಿತು. 2017ರ ಡಿಸೆಂಬರಿನಲ್ಲಿ ಸರ್ಕಾರ ಆಮದಿಗೆ ಕಿಲೋಗೆ ಕನಿಷ್ಠ ಬೆಲೆ 500 ರೂಪಾಯಿ ಅಂತ ನಿಗದಿ ಮಾಡಬೇಕಾಯಿತು. ಆದರೂ ಒಂದು ಮಾತು, ಅವರ ಬಾನ್ ಸಿಯೋ ತಿಂದು ನೋಡಿ. ಅಕ್ಕಿ ಹಿಟ್ಟು, ಅರಿಶಿನ, ಕಾಯಿಹಾಲಿನ ದೋಸೆ. ಸಿಯೋ ಅಂದರೆ ಕಾವಲಿಗೆ ಹಿಟ್ಟು ಬಿದ್ದಾಗಿನ ‘ಚುಂಯ್’ ಶಬ್ದ, ಅದನ್ನೇ ಹೆಸರಿಟ್ಟಿದ್ದಾರೆ. ಒಳಗೆ ಹಂದಿಮಾಂಸ, ಸಿಗಡಿ ಹಾಕುವುದು ರೂಢಿ, ಬೇಡ ಅಂತ ಮೊದಲೇ ಹೇಳಿ. ಸಿಟ್ಟು ಮೆಣಸಿನ ಮೇಲೆ, ದೋಸೆಯ ಮೇಲಲ್ಲ.

ಶಿರಸಿ_ತಮ್ಮ:

ಹೋಗಿ ಬಂದೆವು. ಖಲಾಸಿ ಅಣ್ಣ ಹೇಳಿದ ಹಾಗೆ ಕಿಟಕಿಗೇ ಹೋದೆ. ಒಳಗಿದ್ದ ಹೆಂಗಸಿಗೆ ‘ಚಾಯ್’ ಅಂದ ಕೂಡಲೆ ಅರ್ಥವಾಯಿತು, ಬೇರೆ ಚಾಕು, ಬೇರೆ ಹಲಗೆ ತೆಗೆದುಕೊಂಡರು. ಸೋಯಾ ಸಾಸಿಗೆ ಲಿಂಬೆ, ಮೆಣಸು, ಶೇಂಗಾ ಪುಡಿ ಹಾಕಿ ಕೊಟ್ಟರು. ಹಿಂದಿನ ಸಲದ ಬಗ್ಗೆ ನಾನೂ ಎತ್ತಲಿಲ್ಲ.

ಆಯಿ ಮೇಜಿನಲ್ಲಿ ಕೂರಲೇ ಇಲ್ಲ, ಕಿಟಕಿಯ ಹತ್ತಿರ ನಿಂತಳು. ಒಣ ಹಾಳೆ ಗಾಜಿನ ಹಾಗೆ ಗಡಸು, ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು ಹಲಗೆಗೆ ಹಾಕಿದರೆ ಅಲ್ಲೇ ಮೆತ್ತಗಾಗಿ ಬಟ್ಟೆಯಂತೆ ಮಡಿಚುತ್ತದೆ. ಹಾಳೆ ಮಾಡುವುದು ಹೇಗೆ ಅಂತ ಆ ಹೆಂಗಸು ಕೈಸನ್ನೆಯಲ್ಲೇ ತೋರಿಸಿದರು. ಕುದಿಯುವ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಹಿಟ್ಟು ಸವರಿ, ಹಬೆಯಲ್ಲಿ ಬೇಯಿಸಿ ಒಣಗಿಸುವುದು. ಆಯಿ ತನ್ನ ಕೈಯನ್ನು ಗಡಿಗೆಯ ಹಾಗೆ ಬೋರಲು ಮಾಡಿ, ಅದರ ಮೇಲೆ ಇನ್ನೊಂದು ಕೈಯಿಂದ ತೊಡೆದೇವಿನ ಹಿಟ್ಟು ಎಳೆದು ತೋರಿಸಿದಳು. ಇಬ್ಬರಿಗೂ ಭಾಷೆ ಬರುವುದಿಲ್ಲ, ಕಾಲು ಗಂಟೆ ಮಾತಾಡಿದರು. ಮೂರು ರೋಲ್ ತಿಂದಳು, ಸೊಪ್ಪಿನ ತಟ್ಟೆ ಖಾಲಿ ಮಾಡಿದಳು, ಒಂದು ಎಲೆಯನ್ನು ತಂಬುಳಿಗೆ ಆಗುತ್ತದಾ ನೋಡಬೇಕು ಅಂತ ಕರವಸ್ತ್ರದಲ್ಲಿ ಕಟ್ಟಿಕೊಂಡಳು.

ಅಪ್ಪಯ್ಯ ಕಾಫಿ ಮಾತ್ರ ಅಂದ. ಲೋಟದ ಮೇಲೆ ಸಣ್ಣ ಫಿಲ್ಟರ್ ಇಟ್ಟು ಕೊಡುತ್ತಾರೆ, ಕೆಳಗೆ ಮಿಲ್ಕ್‌ಮೇಡ್ ತರಹದ ಗಟ್ಟಿ ಹಾಲು, ಹನಿ ಹನಿಯಾಗಿ ಇಳಿಯುತ್ತದೆ. ಮೂರು ಸಲ ಮುಚ್ಚಳ ತೆಗೆದು ನೋಡಿದ. ಆಮೇಲೆ ಸುಮ್ನೆ ಅಂತ ಆಯಿಯ ತಟ್ಟೆಯಿಂದ ಒಂದು ರೋಲ್, ಇನ್ನೊಂದು ರೋಲ್. ತೋಫುವಿನ ಮೇಲೆ ಕಾಳುಮೆಣಸಿನ ಪುಡಿ ಇತ್ತು, ನಾಲಿಗೆಗೆ ಹತ್ತಿತು. ಹುಡುಗನನ್ನು ಕರೆದು ಇದು ನಿಮ್ಮದಾ, ನಮ್ಮದಾ ಅಂತ ಕೇಳಿದ. ಕುಮಟಾ ಪೇಟೆಯಿಂದ ತಂದದ್ದು ಅಂದ ಹುಡುಗ.

‘ಕುಮಟಾ ಪೇಟೆಗೆ ಎಲ್ಲಿಂದ ಬಂತು, ಅದು ಹೇಳು’ ಅಂದ ಅಪ್ಪಯ್ಯ. ಬಿಲ್ಲು 590.