ಪದ ಬೇಕು: ಕುದುರೆ ಓಟದ ‘ಹ್ಯಾಂಡಿಕ್ಯಾಪ್’ (ತುರ್ತು)

ನಮಸ್ಕಾರ. ಶನಿವಾರ ನಮ್ಮ ಸಿನಿಮಾ ಬಳಗದಲ್ಲಿ ಜಾನ್ ಫೋರ್ಡ್‌ನ 1926ರ ಮೂಕಿ ಚಿತ್ರ ‘ದಿ ಶ್ಯಾಮ್‌ರಾಕ್ ಹ್ಯಾಂಡಿಕ್ಯಾಪ್’ ಇದೆ. ನಡುನಡುವೆ ಬರುವ ಬರಹಗಳನ್ನೆಲ್ಲ ಕನ್ನಡಕ್ಕೆ ತಂದಾಯಿತು, ಹೆಸರೇ ಗಂಟಲಲ್ಲಿ ಸಿಕ್ಕಿಕೊಂಡಿದೆ. ಪೋಸ್ಟರ್ ನಾಳೆ ಅಚ್ಚಿಗೆ ಹೋಗಬೇಕು. ಕರಡಿನಲ್ಲಿ ಒಬ್ಬರು ‘ಶ್ಯಾಮ್‌ರಾಕ್ ಅಂಗವಿಕಲ’ ಎಂದು ಬರೆದುಬಿಟ್ಟಿದ್ದಾರೆ! ಐರ್ಲೆಂಡಿನಿಂದ ಅಮೆರಿಕಕ್ಕೆ ಹೋದ ಜಾಕಿ (ಓಟದ ಕುದುರೆಯ ಸವಾರ) ಓಟದಲ್ಲಿ ಬಿದ್ದು ಊನವಾಗುವುದು ಕಥೆಯಲ್ಲಿದೆ, ನಿಜ. ಆದರೆ ಹೆಸರಿನಲ್ಲಿರುವುದು ಓಟದ ಬಗೆ.
– ಸು.

‘ಹೊರೆಯೋಟ’. ಅಚ್ಚಗನ್ನಡ. ಚುರುಕಾದ ಕುದುರೆಗೆ ಹೆಚ್ಚು ಹೊರೆ, ಸೋಲುವುದಕ್ಕೆ ಕಡಿಮೆ. ಜಾಕಿಯ ತೂಕ ಸಾಲದಿದ್ದರೆ ಜೀನಿಗೆ ಸೀಸದ ತುಂಡು ಸಿಕ್ಕಿಸುತ್ತಾರೆ. ಅಂದಹಾಗೆ, ಮೂಲ ಪದ ಭಿಕ್ಷುಕರು ಟೋಪಿ ಒಡ್ಡಿ ಬೇಡುತ್ತಿದ್ದುದರಿಂದ ಬಂತು.
– ಕೆ.

ಶುದ್ಧ ಕಟ್ಟುಕಥೆ. ‘ಹ್ಯಾಂಡ್ ಇನ್ ಕ್ಯಾಪ್’ 17ನೇ ಶತಮಾನದ ಇಂಗ್ಲೆಂಡಿನ ಅದಲುಬದಲಿನ ಆಟ. ಇಬ್ಬರ ಸಾಮಾನುಗಳ ಬೆಲೆಗೆ ಎಷ್ಟು ಅಂತರ ಎಂದು ಮೂರನೆಯವನು ಹೇಳಬೇಕು; ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಇಬ್ಬರೂ ಟೋಪಿಯಿಂದ ಕೈ ತೆಗೆದು ತೋರಿಸಬೇಕು. ಆ ಮೂರನೆಯವನೇ ಮುಂದೆ ಕುದುರೆಗಳಿಗೆ ತೂಕ ಹಂಚುವವನಾದ. ಅಂಗವೈಕಲ್ಯದ ಅರ್ಥ ಆಮೇಲಿನದು. ‘ಸರಿತೂಕದ ಓಟ’ ಎನ್ನಿ.
– ರಾ.

ತೂಕ ಎಲ್ಲಿ ಸರಿಯಾಯಿತು ಸ್ವಾಮಿ? ಸರಿಯಾಗುವುದು ಗೆಲ್ಲುವ ಅವಕಾಶ. ಓಟ ಮುಗಿದ ಮೇಲೆ ಜಾಕಿ ಬೆವರು ಸುರಿಸುತ್ತ, ಜೀನನ್ನು ತೋಳಲ್ಲಿ ಅವುಚಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುವುದನ್ನು ನೋಡಿದ್ದೀರಾ? ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಎಲ್ಲರೂ ಹ್ಯಾಂಡಿಕ್ಯಾಪ್ ಎಂದೇ ಅನ್ನುತ್ತಾರೆ. ‘ಹೊರೆಯೋಟ’ ಅಂದರೆ ಸೌದೆ ಹೊತ್ತು ಓಡುವ ದಸರಾ ಸ್ಪರ್ಧೆ ಅಂದುಕೊಂಡಾರು.
– ವಿ.

ರೇಸಿಗೆ ಹೋಗುವವರು ಕನ್ನಡ ಕಲಿಸುವ ಕಾಲ ಬಂತು.
– ಕೆ.

ಕಲಿಯಿರಿ. ನಿಮ್ಮ ‘ಜೀನು’ ಪಾರಸಿ. ‘ಸವಾರ’, ‘ಲಗಾಮು’ ಸಹ. ‘ಹಲ್ಲಣ’ ಎಂದು ತಿದ್ದಿಕೊಂಡರೂ ಅದು ಸಂಸ್ಕೃತದ ‘ಪರ್ಯಾಣ’ದ ತದ್ಭವ. ಕುದುರೆಯೊಂದು ನಿಮ್ಮದು, ಇಟ್ಟುಕೊಳ್ಳಿ.
– ರಾ.

ಕಡಿವಾಣವೂ ನಮ್ಮದೇ. ಕೆಲವರಿಗೆ ಬೇಕಾಗಿದೆ.
– ಕೆ.

ದಯವಿಟ್ಟು ನಿಲ್ಲಿಸಿ. ಹೆಸರನ್ನು ಹಾಗೇ ಇಟ್ಟು, ಕೆಳಗೆ ‘ಕುದುರೆ ಜೂಜಿನ ಮೂಕಿ ಚಿತ್ರ’ ಎಂದು ಹಾಕಿ ಅಚ್ಚಿಗೆ ಕಳಿಸಿದೆ.
– ಸು.

ಅಯ್ಯೋ, ಕಳಿಸಿಬಿಟ್ಟಿರಾ? ಐರ್ಲೆಂಡಿನ ಶ್ಯಾಮ್‌ರಾಕ್ ಗಿಡಕ್ಕೂ ಮೂರೆಲೆ, ನಮ್ಮ ಪುಳ್ಳಂಪುರಚಿ ಸೊಪ್ಪಿಗೂ ಮೂರೆಲೆ. ಅದನ್ನೇ ಹಾಕಬಹುದಿತ್ತಲ್ಲ?
– ಕೆ.