ಪಟ್ಟಿಯಲ್ಲಿ ಬೆಕೆಟ್ ಹೇಗೆ ಸೇರಿದರು?

ಕಳೆದ ಭಾನುವಾರ ಬೆಳಿಗ್ಗೆ ದೊಡ್ಡಪ್ಪ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶವನ್ನು ಫಾರ್ವರ್ಡ್ ಮಾಡಿದರು. 'ಬ್ರಿಟಿಷ್ ರಂಗಭೂಮಿಯನ್ನು ಆಳುತ್ತಿರುವವರು ಯಾರು?' ಎಂಬ ತಲೆಬರಹ. ಅದರ ಕೆಳಗೆ ಒಂಬತ್ತು ಹೆಸರು: ಹೆರಾಲ್ಡ್ ಪಿಂಟರ್, ಆರ್ನಲ್ಡ್ ವೆಸ್ಕರ್, ಟಾಮ್ ಸ್ಟಾಪರ್ಡ್, ಪೀಟರ್ ಶಾಫರ್, ಪೀಟರ್ ಬ್ರೂಕ್, ಸ್ಯಾಮುಯೆಲ್ ಬೆಕೆಟ್, ಮೈಕ್ ಲೀ, ನಿಕೊಲಸ್ ಹೈಟ್ನರ್, ಪ್ಯಾಟ್ರಿಕ್ ಮಾರ್ಬರ್. ಕೊನೆಯಲ್ಲಿ 'ಎಲ್ಲರೂ ಯಹೂದಿಗಳು, ಅರ್ಥ ಮಾಡಿಕೊಳ್ಳಿ' ಎಂಬ ಒಂದೇ ಸಾಲು. ಆ ದಿನ ನಡೆದ ಮಾತುಕತೆಯನ್ನು ಎಲ್ಲರ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇನೆ.

ದೊಡ್ಡಪ್ಪ (ಮೈಸೂರು), 6.45: ಮಕ್ಕಳೇ, ಇದನ್ನು ಎಲ್ಲರೂ ಗಮನವಿಟ್ಟು ಓದಬೇಕು. ಬೆರಳೆಣಿಕೆಯಷ್ಟಿರುವ ಒಂದು ಸಮುದಾಯ, ಊರು ಬಿಟ್ಟು ಪರದೇಶಕ್ಕೆ ಹೋಗಿ, ಅಲ್ಲಿಯವರ ಭಾಷೆಯಲ್ಲಿಯೇ ಅವರಿಗಿಂತ ಚೆನ್ನಾಗಿ ನಾಟಕ ಬರೆಯುವಷ್ಟು ಬೆಳೆದಿದೆ ಎಂದರೆ ಅದರ ಹಿಂದೆ ಓದು, ಶಿಸ್ತು ಮತ್ತು ಹಿರಿಯರ ಮಾತಿಗೆ ಕೊಡುವ ಬೆಲೆ ಇರಲೇಬೇಕು. ನಮ್ಮ ಮನೆಯ ಮಕ್ಕಳು ಕನ್ನಡದಲ್ಲಿ ಒಂದು ಕಾಗದ ಬರೆಯಲೂ ಬಾರದವರಾಗಿದ್ದಾರೆ.

ಭಾವ (ಬೆಂಗಳೂರು), 7.10: ಮಾವ, ಬಹಳ ಸರಿಯಾದ ಸಂದೇಶ. ಒಬ್ಬರು ಒಳಗೆ ಸೇರಿಕೊಂಡರೆ ತಮ್ಮವರನ್ನೇ ಕರೆದು ತುಂಬಿಸಿಕೊಳ್ಳುತ್ತಾರೆ, ಉಳಿದವರಿಗೆ ಬಾಗಿಲು ಮುಚ್ಚುತ್ತಾರೆ ಎಂದು ನಾನು ಯುಗಾದಿಯ ದಿನವೇ ಹೇಳಿದ್ದೆ. ಆಗ ಯಾರೂ ಕಿವಿಗೊಡಲಿಲ್ಲ.

ದೊಡ್ಡಪ್ಪ ಹೊಗಳಿಕೆಯೆಂದು ಕಳುಹಿಸಿದ್ದನ್ನು ಭಾವ ಆರೋಪವೆಂದು ಓದಿದರು. ಆದರೂ ಒಬ್ಬರ ಮಾತಿಗೆ ಇನ್ನೊಬ್ಬರು ಹೆಬ್ಬೆರಳು ಎತ್ತಿ ಒಪ್ಪಿಗೆ ಸೂಚಿಸಿದರು. ಆ ಎರಡು ಹೆಬ್ಬೆರಳುಗಳನ್ನು ನೋಡಿದಾಗ ನನಗೆ ಭಯವೇ ಆಯಿತು. ಮೆಚ್ಚುಗೆಗೂ ದ್ವೇಷಕ್ಕೂ ಒಂದೇ ಪಟ್ಟಿ ಸಾಕಾಗುತ್ತದೆ ಎಂದರೆ ಆ ಪಟ್ಟಿಯಲ್ಲಿರುವ ಮನುಷ್ಯರನ್ನು ಇಬ್ಬರೂ ನೋಡಿಲ್ಲ ಎಂದೇ ಅರ್ಥ.

ಚಿಕ್ಕಪ್ಪ (ಧಾರವಾಡ), 7.52: ಅಣ್ಣ, ಇದನ್ನು ಬರೆದವರು ಯಾರು, ಎಲ್ಲಿ ಪ್ರಕಟವಾಗಿದೆ, 'ಆಳುವುದು' ಎಂದರೆ ಏನು ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಬೇಕು. ಬೆಕೆಟ್ ಅವರು ಡಬ್ಲಿನ್ ಬಳಿಯ ಪ್ರಾಟೆಸ್ಟೆಂಟ್ ಮನೆತನದವರು. ಬಾಳಿನ ಬಹುಭಾಗವನ್ನು ಪ್ಯಾರಿಸ್ಸಿನಲ್ಲಿ ಕಳೆದು, ಅನೇಕ ಕೃತಿಗಳನ್ನು ಫ್ರೆಂಚ್ ಭಾಷೆಯಲ್ಲಿ ಬರೆದವರು. ಅವರು ಯಹೂದಿಯೂ ಅಲ್ಲ, ಬ್ರಿಟಿಷರೂ ಅಲ್ಲ. ಸ್ಯಾಮುಯೆಲ್ ಎಂಬ ಹೆಸರು ಕಂಡ ಕೂಡಲೇ ಪಟ್ಟಿಗೆ ಸೇರಿಸಿದ್ದಾರೆ. ಒಂಬತ್ತರಲ್ಲಿ ಒಂದು ಹೆಸರು ಕೇವಲ ಊಹೆಯಾದರೆ ಉಳಿದ ಎಂಟನ್ನು ಅವರು ಹೇಗೆ ಆರಿಸಿದರು ಎಂದು ಕೇಳುವುದು ತಪ್ಪೇ?

ದೊಡ್ಡಪ್ಪ, 8.05: ನಿನಗೆ ಯಾವುದರಲ್ಲಿಯೂ ಒಳ್ಳೆಯದು ಕಾಣುವುದಿಲ್ಲ. ಜ್ಞಾನಪೀಠ ಪಡೆದ ಕನ್ನಡ ಲೇಖಕರ ಜಾತಿಯ ಪಟ್ಟಿ ಈ ಗುಂಪಿಗೆ ಬಂದಾಗಲೂ ಹೀಗೆಯೇ ನೀನು ರಂಪ ಮಾಡಿ, ಅಳಿಯಂದಿರನ್ನು ಹದಿನೈದು ದಿನ ಗುಂಪಿನಿಂದ ಹೊರಗೆ ಹೋಗುವಂತೆ ಮಾಡಿದೆ.

ಚಿಕ್ಕಪ್ಪ, 8.09: ಆ ದಿನ ನಾನು ಕೇಳಿದ್ದೂ ಇದೇ ಪ್ರಶ್ನೆ, ಅಣ್ಣ. ಬೇಂದ್ರೆಯವರ ಒಂದು ಪದ್ಯವನ್ನೂ ಉಲ್ಲೇಖಿಸದೆ ಅವರ ಜಾತಿಯನ್ನು ಮಾತ್ರ ಬರೆದಿದ್ದರು.

ಭಾವ, 8.15: ಚಿಕ್ಕಮಾವ, ನಾನು ಹೊರಗೆ ಹೋದದ್ದು ಪಟ್ಟಿಯ ಕಾರಣಕ್ಕೆ ಅಲ್ಲ, ನೀವು ಎಲ್ಲರ ಎದುರಿನಲ್ಲಿ ನನ್ನನ್ನು 'ಓದು ಬಾರದವನು' ಎಂದಿರಿ.

ಹೀಗೆ ಬ್ರಿಟಿಷ್ ರಂಗಭೂಮಿ ಎಲ್ಲಿಯೋ ಉಳಿಯಿತು; ಯಾರು ಯಾರಿಗೆ ಯಾವ ಹಬ್ಬದಲ್ಲಿ ಏನು ಅಂದರು ಎಂಬ ಲೆಕ್ಕ ಹತ್ತು ಗಂಟೆಯವರೆಗೆ ನಡೆಯಿತು. ಅದನ್ನು ಬಿಟ್ಟು ಸಾಗರದ ಅತ್ತೆಯ ಸಂದೇಶಕ್ಕೆ ಬರುತ್ತೇನೆ.

ಅತ್ತೆ (ಸಾಗರ), 10.20: ಅಣ್ಣಯ್ಯ, ಜಗಳ ಸಾಕು. ಯಹೂದಿ ಎಂದ ಕೂಡಲೇ ನನಗೆ ಅಪ್ಪ ಶಾಲೆಯ ವಾರ್ಷಿಕೋತ್ಸವದಲ್ಲಿ ಆಡಿಸಿದ, ಶೇಕ್ಸ್‌ಪಿಯರನ 'ವೆನಿಸ್ಸಿನ ವರ್ತಕ' ನಾಟಕದ ನ್ಯಾಯಾಲಯದ ದೃಶ್ಯ ನೆನಪಾಗುತ್ತದೆ. ಅಣ್ಣಯ್ಯ ಸಾಲಗಾರ ಆಂಟೋನಿಯೊ, ತಮ್ಮ ಆ ಸಾಲಕ್ಕೆ ಅವನ ಮೈಮಾಂಸವನ್ನೇ ಕೇಳುವ ಯಹೂದಿ ಶೈಲಾಕ್. ಅಪ್ಪ ಹಳೆಯ ಪತ್ರಿಕೆಗಳನ್ನು ನೆನೆಸಿ, ಅರೆದು, ಮೆಂತ್ಯದ ಹಿಟ್ಟು ಬೆರೆಸಿ ಮಾಡಿದ ಆ ದೊಡ್ಡ ಕೊಕ್ಕೆ ಮೂಗು, ತಮ್ಮ ಚಾಕುವನ್ನು ಚಪ್ಪಲಿಯ ಅಟ್ಟೆಗೆ ಮಸೆಯುವಾಗ ಬೆವರಿಗೆ ಕಳಚಿ ಮೇಜಿನ ಮೇಲೆ ಬಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಊರಿಗೆ ಊರೇ ನಕ್ಕಿತು.

ಚಿಕ್ಕಪ್ಪ, 10.31: ನೀವೆಲ್ಲ ಒಂದು ರಾತ್ರಿ ನಕ್ಕಿರಿ ಅಕ್ಕಾ. ಹತ್ತನೆಯ ತರಗತಿ ಮುಗಿಯುವವರೆಗೆ ಹುಡುಗರು ನನ್ನನ್ನು ಮೂಗು ಎಂದೇ ಕರೆದರು. ನಾನು ಬಡ್ಡಿಗೆ ಸಾಲ ಕೊಡುವವನೆಂದು ಅಂಗಡಿಯವನೂ ಹಾಸ್ಯ ಮಾಡುತ್ತಿದ್ದ. ನಾವು ಒಬ್ಬ ಯಹೂದಿಯನ್ನೂ ಕಂಡವರಲ್ಲ. ಆದರೆ ಅವರ ಮೂಗು ಹೇಗಿರಬೇಕೆಂದು ನಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಹೂದಿಗೆ ಕಣ್ಣಿಲ್ಲವೇ, ಕೈಯಿಲ್ಲವೇ ಎಂದು ಶೈಲಾಕ್ ಕೇಳುವ ಮಾತು ಮೂರನೆಯ ಅಂಕದಲ್ಲಿದೆ. ನಾವು ಆಡಿದ್ದು ನಾಲ್ಕನೆಯ ಅಂಕವನ್ನು ಮಾತ್ರ; ಆದ್ದರಿಂದ ಆ ಮಾತನ್ನು ನಾನು ಆಡಲೇ ಇಲ್ಲ.

ಚಿಕ್ಕಪ್ಪ ಏಕೆ ಪ್ರತಿಯೊಂದಕ್ಕೂ ಆಧಾರ ಕೇಳುತ್ತಾರೆ ಎಂಬುದು ಇಷ್ಟು ವರ್ಷಗಳಲ್ಲಿ ನನಗೆ ಮೊದಲ ಸಲ ತಿಳಿಯಿತು. ಸುಮಾರು ಎರಡು ಗಂಟೆ ಯಾರೂ ಏನೂ ಬರೆಯಲಿಲ್ಲ. ಅನಂತರ ಲಂಡನ್ನಿನಿಂದ ನನ್ನ ಅಕ್ಕ ಬರೆದಳು. ಅವಳು ಅಲ್ಲಿ ಹದಿನಾರು ವರ್ಷಗಳಿಂದ ಇದ್ದಾಳೆ. ತಿಂಗಳಿಗೊಂದು ನಾಟಕವನ್ನಾದರೂ ಅಗ್ಗದ ಟಿಕೆಟಿನಲ್ಲಿ ಮೇಲಿನ ಬಾಲ್ಕನಿಯಿಂದ ನೋಡುತ್ತಾಳೆ.

ಅಕ್ಕ (ಲಂಡನ್), 12.40: ಚಿಕ್ಕಪ್ಪಾ, ನೀವು ಆಡದೆ ಉಳಿದ ಆ ಮಾತನ್ನು ನಾನು 2024ರಲ್ಲಿ ಇಲ್ಲಿನ ಕ್ರೈಟೀರಿಯನ್ ಥಿಯೇಟರಿನಲ್ಲಿ ಒಬ್ಬ ಹೆಂಗಸಿನ ಬಾಯಲ್ಲಿ ಕೇಳಿದೆ. ಟ್ರೇಸಿ ಆನ್ ಓಬರ್‌ಮನ್ ಎಂಬ ನಟಿ ಶೈಲಾಕನನ್ನು 1936ರ ಲಂಡನ್ನಿನ ಪೂರ್ವಭಾಗದ ಒಬ್ಬ ವಿಧವೆಯನ್ನಾಗಿ ಮಾಡಿಕೊಂಡಿದ್ದರು. ಆ ವರ್ಷದ ಅಕ್ಟೋಬರ್ 4ರಂದು ಬ್ರಿಟಿಷ್ ಫ್ಯಾಸಿಸ್ಟ್ ನಾಯಕ ಆಸ್ವಾಲ್ಡ್ ಮೋಸ್ಲಿಯ ಕರಿ ಅಂಗಿಯವರು ಆ ಯಹೂದಿ ಕೇರಿಯೊಳಗೆ ಮೆರವಣಿಗೆ ಹೊರಟಾಗ ಕೇಬಲ್ ಸ್ಟ್ರೀಟಿನಲ್ಲಿ ಜನ ಅಡ್ಡಗಟ್ಟೆ ಹಾಕಿ ನಿಂತರು. ಓಬರ್‌ಮನ್ನರ ಮುತ್ತಜ್ಜಿಯೂ ಆ ದಿನ ಅಲ್ಲಿದ್ದವರು. ದೊಡ್ಡಪ್ಪಾ, ನಿಮ್ಮ ಪಟ್ಟಿಯಲ್ಲಿರುವ ವೆಸ್ಕರ್ ಬರೆದ, 1958ರಲ್ಲಿ ರಂಗಕ್ಕೆ ಬಂದ 'ಚಿಕನ್ ಸೂಪ್ ವಿತ್ ಬಾರ್ಲಿ' ನಾಟಕವೂ ಅದೇ ದಿನ, ಒಂದು ನೆಲಮಾಳಿಗೆಯ ಮನೆಯಲ್ಲಿ ಆರಂಭವಾಗುತ್ತದೆ. ಹೊರಗೆ ಬೀದಿಯಲ್ಲಿ ಕೂಗಾಟ. ಒಳಗೆ ಸಾರಾ ಎಂಬ ತಾಯಿ ಬಂದವರಿಗೆಲ್ಲ ಚಹಾ ಮಾಡುತ್ತಾಳೆ. ಮಗಳಿಗೆ ಗಂಟಲಮಾರಿ ಬಂದಾಗ ಪಕ್ಕದ ಮನೆಯಾಕೆ ತಂದುಕೊಟ್ಟ ಬಾರ್ಲಿ ಹಾಕಿದ ಕೋಳಿಯ ಸಾರು ಅವಳನ್ನು ಬದುಕಿಸಿತು ಎಂಬುದನ್ನು ಆ ತಾಯಿ ಇಪ್ಪತ್ತು ವರ್ಷವಾದರೂ ಮರೆಯುವುದಿಲ್ಲ. ವೆಸ್ಕರ್ ಆಳಿದ್ದು ಎಂದರೆ ಇಷ್ಟೇ: ದಿವಾನಖಾನೆಗಳಲ್ಲಿ ಕುಳಿತಿದ್ದ ಇಂಗ್ಲಿಷ್ ನಾಟಕದೊಳಕ್ಕೆ ಒಂದು ದರ್ಜಿ ಕುಟುಂಬದ ಅಡುಗೆಮನೆಯನ್ನು ತಂದರು.

ಅತ್ತೆ, 12.48: ಗಂಟಲಮಾರಿಗೆ ನಮ್ಮ ಅಮ್ಮ ಕೊಡುತ್ತಿದ್ದ ಮೆಣಸಿನ ಸಾರಿನಂತೆಯೇ ಇದೆಯಲ್ಲ ಮಗಳೇ.

ಭಾವ, 1.02: ಸೂಪಿನ ಮಾತು ಇರಲಿ. ಅರ್ಧ ಶೇಕಡ ಜನರಿಂದ ಇಷ್ಟು ಮಂದಿ ನಾಟಕಕಾರರು ಹೇಗೆ ಬಂದರು ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಪ್ರಶ್ನೆ ಕೇಳುವುದೇ ಅಪರಾಧವೇ?

ಅಕ್ಕ, 1.25: ಪ್ರಶ್ನೆ ಅಪರಾಧವಲ್ಲ ಭಾವ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಜನಗಣತಿಯಂತೆ ಯಹೂದಿಗಳು ಸುಮಾರು 2 ಲಕ್ಷ 71 ಸಾವಿರ, ಶೇಕಡ 0.5 ಎಂಬುದು ನಿಜ. 1881ರ ನಂತರ ರಷ್ಯಾ ಸಾಮ್ರಾಜ್ಯದಲ್ಲಿ ಯಹೂದಿಗಳ ಮೇಲೆ ಹಲ್ಲೆಗಳು ನಡೆದಾಗ ಸಾವಿರಾರು ಕುಟುಂಬಗಳು ಲಂಡನ್ನಿನ ವೈಟ್‌ಚಾಪೆಲ್, ಸ್ಟೆಪ್ನಿ, ಹ್ಯಾಕ್ನಿ ಕೇರಿಗಳಿಗೆ ಬಂದು ಹೊಲಿಗೆ ಕೆಲಸ ಹಿಡಿದವು. ಅವರೊಂದಿಗೆ ಅವರ ಮನೆಮಾತಾದ ಯಿಡ್ಡಿಷ್ ಭಾಷೆಯ ನಾಟಕ ಮಂಡಲಿಗಳೂ ಬಂದವು. ನಮ್ಮ ಕಂಪನಿ ನಾಟಕಗಳಂತೆ ಹಾಡು, ಅಳು, ನಗು ಎಲ್ಲವೂ ತುಂಬಿದ ಆಟಗಳು. ದಿನವಿಡೀ ಸೂಜಿ ಹಿಡಿದವರು ವಾರದ ಕೊನೆಯಲ್ಲಿ ತಮ್ಮ ಮಾತನ್ನು ವೇದಿಕೆಯ ಮೇಲೆ ಕೇಳಲು ಹೋಗುತ್ತಿದ್ದರು. ಅವರ ಮಕ್ಕಳೂ ಮೊಮ್ಮಕ್ಕಳೂ ಸರ್ಕಾರಿ ಶಾಲೆಗೆ ಸೇರಿದರು. ಪಿಂಟರ್ ಹೆಂಗಸರ ಉಡುಪು ಹೊಲಿಯುವ ದರ್ಜಿಯ ಮಗ. ಹ್ಯಾಕ್ನಿ ಡೌನ್ಸ್ ಶಾಲೆಯಲ್ಲಿ ಜೋಸೆಫ್ ಬ್ರಿಯರ್ಲಿ ಎಂಬ ಇಂಗ್ಲಿಷ್ ಮೇಷ್ಟ್ರು ಅವರಿಂದ ಮ್ಯಾಕ್‌ಬೆತ್ ಪಾತ್ರ ಮಾಡಿಸಿದರು. ನಮ್ಮ ಅಜ್ಜನಂತಹ ಒಬ್ಬ ಮೇಷ್ಟ್ರು ಸಿಕ್ಕಿದ್ದರು, ಅಷ್ಟೇ.

ಬಾಗಿಲು ಮುಚ್ಚಿಕೊಂಡು ತಮ್ಮವರನ್ನೇ ಬೆಳೆಸಿದರು ಎನ್ನುವಿರಾದರೆ ಪಿಂಟರ್ ಅವರ 'ದಿ ಬರ್ತ್‌ಡೇ ಪಾರ್ಟಿ' 1958ರಲ್ಲಿ ಲಂಡನ್ನಿನಲ್ಲಿ ಎಂಟು ಪ್ರದರ್ಶನಗಳಿಗೆ ಮುಗಿದುಹೋಯಿತು, ವಿಮರ್ಶಕರು ಅದನ್ನು ಹರಿದು ಹಾಕಿದರು ಎಂಬುದನ್ನು ನೆನೆಯಿರಿ. ಆ ನಾಟಕದಲ್ಲಿ ಸಮುದ್ರತೀರದ ಒಂದು ವಸತಿಗೃಹಕ್ಕೆ ಇಬ್ಬರು ಅಪರಿಚಿತರು ಬಂದು ಸ್ಟ್ಯಾನ್ಲಿ ಎಂಬವನನ್ನು ಪ್ರಶ್ನೆಗಳಿಂದಲೇ ಪುಡಿ ಮಾಡಿ ಕರೆದೊಯ್ಯುತ್ತಾರೆ. ಬಾಗಿಲು ಬಡಿದವರು ಯಾರು ಎಂಬ ಭಯ ಯುದ್ಧಕಾಲದಲ್ಲಿ ಬೆಳೆದ ಯಹೂದಿ ಹುಡುಗನಿಗೆ ಹೊಸದಲ್ಲ. ಆದರೆ ಪಿಂಟರ್ ಆ ಹಿಂಸಕರಲ್ಲಿ ಒಬ್ಬನಿಗೆ ಗೋಲ್ಡ್‌ಬರ್ಗ್ ಎಂಬ ಯಹೂದಿ ಹೆಸರು ಕೊಟ್ಟು, ತಾಯಿ, ಚಿಕ್ಕಪ್ಪ, ಮನೆಯೂಟ ಎಂದು ಕರಗಿ ಮಾತಾಡುವ ಬಾಯಿಂದಲೇ ಅವನ ಕೈಯಲ್ಲಿ ಕ್ರೌರ್ಯ ಮಾಡಿಸಿದರು. ತಮ್ಮವರಿಗಾಗಿ ಸಂಚು ಹೂಡುವವರು ಹೀಗೆ ಬರೆಯುತ್ತಾರೆಯೇ?

ಭಾವ, 1.33: ಅದು 1958ರ ಮಾತು. ಈಗ ಎಲ್ಲವೂ ಅವರ ಕೈಯಲ್ಲಿಯೇ ಇದೆ.

ಅಕ್ಕ, 1.58: ಈಗಿನದನ್ನೇ ಹೇಳುತ್ತೇನೆ. 2021ರ ನವೆಂಬರಿನಲ್ಲಿ ರಾಯಲ್ ಕೋರ್ಟ್ ಥಿಯೇಟರಿನ 'ರೇರ್ ಅರ್ತ್ ಮೆಟಲ್' ಎಂಬ ಹೊಸ ನಾಟಕದಲ್ಲಿ ಹಣದ ಹುಚ್ಚಿನ ಒಬ್ಬ ಕೋಟ್ಯಧಿಪತಿಗೆ ಹರ್ಷೆಲ್ ಫಿಂಕ್ ಎಂದು ಹೆಸರಿಟ್ಟಿದ್ದರು. ಪಾತ್ರ ಯಹೂದಿಯಲ್ಲ, ಆದರೆ ಹೆಸರು ಮಾತ್ರ ಅಪ್ಪಟ ಯಹೂದಿ ಹೆಸರು. ಹೊರಗಿನಿಂದ ಆಕ್ಷೇಪ ಬಂದ ಮೇಲೆ ಹೆನ್ರಿ ಫಿನ್ ಎಂದು ಬದಲಿಸಿ ಕ್ಷಮೆ ಕೇಳಿದರು. ಇಂಗ್ಲೆಂಡಿನಲ್ಲಿ ಹೊಸ ನಾಟಕಗಳ ತವರು ಎನಿಸಿದ ರಂಗಮಂದಿರ ಯಹೂದಿಗಳ ಕೈಯಲ್ಲಿದ್ದಿದ್ದರೆ ಈ ಹೆಸರು ಇಷ್ಟು ದೂರ ಬರುತ್ತಿತ್ತೇ? ಚಿಕ್ಕಪ್ಪಾ, ಅದು ನಿಮ್ಮ ಕಾಗದದ ಮೂಗೇ. ಮುಖಕ್ಕೆ ಅಂಟಿಸುವ ಬದಲು ಹೆಸರಿಗೆ ಅಂಟಿಸಿದ್ದರು. ಅದೇ ವೇದಿಕೆಯಲ್ಲಿ ಮರುವರ್ಷ ಜೊನಾಥನ್ ಫ್ರೀಡ್‌ಲ್ಯಾಂಡ್ ಹನ್ನೆರಡು ಮಂದಿ ಯಹೂದಿಗಳ ಮಾತುಗಳನ್ನೇ ಹೆಣೆದು ನಾಟಕ ಮಾಡಿದರು. 2024ರಲ್ಲಿ ಮಾರ್ಕ್ ರೋಸೆನ್‌ಬ್ಲಾಟ್ ಬರೆದ, ಹೈಟ್ನರ್ ನಿರ್ದೇಶಿಸಿದ 'ಜೈಂಟ್' ಬಂತು. ಮಕ್ಕಳ ಕತೆಗಾರ ರೋಆಲ್ಡ್ ಡಾಲ್ ಅವರ ಯಹೂದಿ ದ್ವೇಷವೇ ಅದರ ವಸ್ತು. ಎಲ್ಲರ ಪ್ರೀತಿಯ ಲೇಖಕರನ್ನು ಅಲ್ಲಿ ರಾಕ್ಷಸರನ್ನಾಗಿ ಮಾಡಿಲ್ಲ. ಅವರು ನಗಿಸುತ್ತಾರೆ, ನಾವು ನಗುತ್ತೇವೆ, ನಕ್ಕದ್ದಕ್ಕೆ ಮುಂದಿನ ಮಾತಿನಲ್ಲಿ ಗಂಟಲು ಕಟ್ಟುತ್ತದೆ.

ದೊಡ್ಡಪ್ಪ, 2.10: ಮಗಳೇ, ನೀನು ಹೇಳುವುದನ್ನು ಒಪ್ಪುತ್ತೇನೆ. ಆದರೂ ಸ್ಟಾಪರ್ಡ್ ಅವರಂತಹವರು ತಮ್ಮ ಪರಂಪರೆಯ ಬಲದಿಂದ ಬೆಳೆದರು ಎಂಬ ನನ್ನ ಮಾತು ಸುಳ್ಳಾಗುವುದಿಲ್ಲ.

ಅಕ್ಕ, 2.36: ದೊಡ್ಡಪ್ಪಾ, ಎಲ್ಲಕ್ಕಿಂತ ಅಲ್ಲಿಯೇ ಆ ಪಟ್ಟಿ ಸೋಲುತ್ತದೆ. ಅವರು ಹುಟ್ಟಿದ್ದು 1937ರಲ್ಲಿ, ಚೆಕೊಸ್ಲೊವಾಕಿಯಾದ ಜ್ಲೀನ್ ಎಂಬ ಊರಿನಲ್ಲಿ, ತೊಮಾಶ್ ಸ್ಟ್ರೌಸ್ಲರ್ ಎಂಬ ಹೆಸರಿನಿಂದ. ತಂದೆ ಬಾಟಾ ಚಪ್ಪಲಿ ಕಂಪನಿಯ ವೈದ್ಯರು. ನಾಜಿಗಳು ಬಂದಾಗ ಕುಟುಂಬ ಸಿಂಗಾಪುರಕ್ಕೆ ಹೋಯಿತು; ಅಲ್ಲಿಂದ ತಾಯಿ ಮಕ್ಕಳು ನಮ್ಮ ದೇಶಕ್ಕೆ ಬಂದರು, ತಂದೆ ಬದುಕಲಿಲ್ಲ. ಡಾರ್ಜಿಲಿಂಗಿನಲ್ಲಿ ತಾಯಿ ಬಾಟಾ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದರು, ಹುಡುಗ ಅಲ್ಲಿಯೇ ಶಾಲೆಗೆ ಹೋದ. ತಾಯಿ ಸ್ಟಾಪರ್ಡ್ ಎಂಬ ಇಂಗ್ಲಿಷ್ ಸೇನಾಧಿಕಾರಿಯನ್ನು ಮದುವೆಯಾದ ಮೇಲೆ 1946ರಲ್ಲಿ ಇಂಗ್ಲೆಂಡಿಗೆ ಹೋದ ಆ ಹುಡುಗ ಅಪ್ಪಟ ಇಂಗ್ಲಿಷನಾಗಿ ಬೆಳೆದ. ತಾಯಿ ಹಿಂದಿನದನ್ನು ಹೆಚ್ಚು ಹೇಳಲಿಲ್ಲ. ತಾವು ಪೂರ್ತಿ ಯಹೂದಿ ಮನೆತನದವರು, ಅಜ್ಜ ಅಜ್ಜಿಯರು ನಾಲ್ವರೂ ನಾಜಿಗಳ ಕೈಯಲ್ಲಿ ಸತ್ತರು ಎಂಬುದು ಅವರಿಗೆ ತಿಳಿದದ್ದು 1990ರ ದಶಕದಲ್ಲಿ, ಐವತ್ತು ದಾಟಿದ ಮೇಲೆ. ಅಷ್ಟರಲ್ಲಿ ಅವರ ಹೆಸರು ಮಾಡಿದ ನಾಟಕಗಳಲ್ಲಿ ಬಹುಪಾಲು ಬರೆದು ಆಗಿತ್ತು.

'ಲಿಯೊಪೋಲ್ಡ್‌ಸ್ಟಾಟ್' ನಾಟಕವನ್ನು ನಾನು 2020ರ ಫೆಬ್ರವರಿಯಲ್ಲಿ ವಿಂಡಮ್ಸ್ ಥಿಯೇಟರಿನಲ್ಲಿ ನೋಡಿದೆ. ಮುಂದಿನ ತಿಂಗಳು ಕೋವಿಡ್ ಬಂದು ಎಲ್ಲ ರಂಗಮಂದಿರಗಳೂ ಮುಚ್ಚಿದವು. ಮೊದಲ ದೃಶ್ಯದಲ್ಲಿ ವಿಯೆನ್ನಾದ ಒಂದು ಶ್ರೀಮಂತ ಮನೆ, ತುಂಬಿದ ಕುಟುಂಬ. ಯಾರು ಯಾರ ಮಗು ಎಂದು ಗುರುತಿಸುವುದೇ ಕಷ್ಟ, ನಮ್ಮ ಮನೆಯ ಮದುವೆಯಂತೆ. ಕೊನೆಯ ದೃಶ್ಯ 1955ರದು. ಅದೇ ಕೋಣೆಯಲ್ಲಿ ಮೂವರು ಮಾತ್ರ ಉಳಿದಿದ್ದಾರೆ. ಇಂಗ್ಲೆಂಡಿನಲ್ಲಿ ಬೆಳೆದು ಎಲ್ಲವನ್ನೂ ಮರೆತ ಯುವಕನ ಕೈಯಲ್ಲಿ ವಂಶವೃಕ್ಷದ ಹಾಳೆಯಿದೆ. ಅವನು ಹೆಸರು ಓದುತ್ತಾನೆ, ಅವರು ಎಲ್ಲಿ ಸತ್ತರೆಂದು ಉಳಿದವರು ಹೇಳುತ್ತಾರೆ. ಆಶ್‌ವಿಟ್ಜ್ ಎಂಬ ನಾಜಿ ಮರಣಶಿಬಿರದ ಹೆಸರು ಮತ್ತೆ ಮತ್ತೆ ಬರುತ್ತದೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ದೀಪ ಹತ್ತಿದ ಮೇಲೂ ಬಹಳ ಹೊತ್ತು ಏಳಲಿಲ್ಲ. ಕೋಟನ್ನು ಮಡಿಲಲ್ಲಿ ಹಿಡಿದುಕೊಂಡು, ಅದರ ಗುಂಡಿಗಳನ್ನು ಒಂದೊಂದಾಗಿ ಮುಟ್ಟುತ್ತಾ ಕುಳಿತಿದ್ದರು.

ಇದಾದ ಮೇಲೆ ಭಾವ, 'ಇಷ್ಟು ವಿಷಯ ನನಗೆ ತಿಳಿದಿರಲಿಲ್ಲ, ಸಂದೇಶವನ್ನು ನಾನು ಕೊನೆಯ ಸಾಲು ಬಿಟ್ಟು ಬೇರೇನೂ ಓದಿರಲಿಲ್ಲ' ಎಂದು ಬರೆದರು. ಅದನ್ನು ಹೇಳುವುದು ಸುಲಭವಲ್ಲ. ನಾನು ಅವರನ್ನು ಗೌರವಿಸುತ್ತೇನೆ. ಚಿಕ್ಕಪ್ಪ, 'ಓದು ಬಾರದವನು' ಎಂದು ಅವರಿಗೆ ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದಾಗಿ ಹೇಳಿದರು. ಅತ್ತೆ, ಆ ಸಾರಿಗೆ ಬಾರ್ಲಿಯನ್ನು ನೆನೆಸಬೇಕೇ, ಹುರಿಯಬೇಕೇ ಎಂದು ಅಕ್ಕನನ್ನು ಕೇಳಿದರು.

ಸಂಜೆ ದೊಡ್ಡಪ್ಪ ನನಗೊಬ್ಬನಿಗೇ ಬೇರೆಯಾಗಿ ಬರೆದರು: 'ಬೆಕೆಟ್ ಹೆಸರನ್ನು ತೆಗೆದು, ಉಳಿದದ್ದನ್ನು ಸರಿಪಡಿಸಿ ಕಳುಹಿಸು ಮಗು; ಪಟ್ಟಿ ನನ್ನ ಸ್ನೇಹಿತರಿಗೂ ಹೋಗಿದೆ, ತಪ್ಪು ಉಳಿಯಬಾರದು.' ನಾನು ಪಟ್ಟಿ ಮಾಡಿಕೊಡಲಿಲ್ಲ. ಅಕ್ಕ ಬರೆದ ನಾಲ್ಕು ಸಂದೇಶಗಳನ್ನೂ ಚಿಕ್ಕಪ್ಪನ ಮೂಗಿನ ಸಂದೇಶವನ್ನೂ ಒಟ್ಟಿಗೆ ಸೇರಿಸಿ, ಪಟ್ಟಿ ಹೋದವರೆಲ್ಲರಿಗೂ ಇದು ಹೋಗಲಿ ದೊಡ್ಡಪ್ಪಾ ಎಂದು ಕಳುಹಿಸಿದೆ. ರಾತ್ರಿ ಒಂಬತ್ತಕ್ಕೆ ಅವರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆನೆಂದೂ, ಬೆಳಿಗ್ಗೆ ಎದ್ದು ಒಬ್ಬೊಬ್ಬರಿಗೇ ಕಳುಹಿಸುವೆನೆಂದೂ ಉತ್ತರ ಬರೆದರು.